ಚಿತ್ರಲೇಖೆ ಕೇಳಿದ ಪ್ರಶ್ನೆ: ಬೆಳೆದ ಮಕ್ಕಳ ಸಂಕಟ ಮತ್ತು ನಮ್ಮ ಕನ್ನಡ ನಾಟಕ

"ಒಂದು ಮದುವೆ ಮಾಡಿಬಿಡಿ, ತಾನಾಗಿ ಸರಿಹೋಗ್ತಾನೆ." ಈ ಮಾತು ಕೇಳಿಬರದ ಮನೆ ನಮ್ಮಲ್ಲಿ ಕಡಿಮೆ. ಮಗ ಕೆಲಸದಲ್ಲಿ ನಿಲ್ಲುವುದಿಲ್ಲ, ಯಾರೊಂದಿಗೂ ಮಾತಿಲ್ಲ, ಸಂಜೆಯಾದರೆ ಕುಡಿತ, ಅಥವಾ ಇಡೀ ದಿನ ಕೋಣೆಯ ಬಾಗಿಲು ಹಾಕಿಕೊಂಡು ಮೊಬೈಲ್. ಇವೆಲ್ಲಕ್ಕೂ ಹಿರಿಯರು ಕೊಡುವ ಔಷಧಿ ಒಂದೇ. ಮಗಳಾದರೆ ಮಾತು ಸ್ವಲ್ಪ ಬದಲಾಗುತ್ತದೆ: "ಮದುವೆಯಾದರೆ ಜವಾಬ್ದಾರಿ ಬರುತ್ತೆ."

ಮಕ್ಕಳು ಸಣ್ಣವರಿದ್ದಾಗ ಸಲಹೆ ಕೊಡುವವರಿಗೆ ಬರವಿಲ್ಲ. ಏನು ತಿನ್ನಿಸಬೇಕು, ಯಾವ ಶಾಲೆಗೆ ಸೇರಿಸಬೇಕು, ಎಷ್ಟು ಹೊತ್ತು ಟಿವಿ ತೋರಿಸಬೇಕು ಎಂದು ಹೇಳಲು ಪುಸ್ತಕಗಳಿವೆ, ಯೂಟ್ಯೂಬ್ ಇದೆ, ಪಕ್ಕದ ಮನೆಯವರಿದ್ದಾರೆ. ಆದರೆ ಮೂವತ್ತು ದಾಟಿದ ಮಗನೋ ಮಗಳೋ ಕುಸಿದು ಕೂತಾಗ ತಾಯಿಗೆ ಹೇಳಿಕೊಳ್ಳಲೂ ಜಾಗವಿಲ್ಲ. ಸಂಘದ ಕಾರ್ಯಕ್ರಮದಲ್ಲಿ "ಮಗ ಯಾಕೆ ಬರಲಿಲ್ಲ?" ಎಂದು ಯಾರಾದರೂ ಕೇಳಿದರೆ "ಆಫೀಸ್ ಕೆಲಸ ಜಾಸ್ತಿ" ಎಂದು ನಕ್ಕು ಮುಂದೆ ಹೋಗಬೇಕು.

ನಾನು ಸಾಹಿತ್ಯ ಓದಿದವಳಲ್ಲ. ಎಂ.ಟೆಕ್ ಮಾಡಿ ಐ.ಟಿ. ಕೆಲಸದಲ್ಲಿರುವವಳು, ಬದಲಾಪುರದಿಂದ ಲೋಕಲ್ ಹಿಡಿಯುವ ಸಾವಿರಾರು ಜನರಲ್ಲಿ ಒಬ್ಬಳು. ಆ ಪ್ರಯಾಣದಲ್ಲೇ ಕನ್ನಡ ನಾಟಕ, ಕಾವ್ಯಗಳನ್ನು ಓದುವ ಅಭ್ಯಾಸ ಬೆಳೆಯಿತು. ಓದುತ್ತಾ ಹೋದಂತೆ ಒಂದು ವಿಷಯ ಕಣ್ಣಿಗೆ ಬಿತ್ತು. ಬೆಳೆದ ಮಕ್ಕಳ ಸಂಕಟ ಮತ್ತು ಅವರ ಹೆತ್ತವರ ಪಾಡು ಕನ್ನಡಕ್ಕೆ ಹೊಸದಲ್ಲ, ಸಾವಿರ ವರ್ಷದಿಂದ ನಮ್ಮ ಕವಿಗಳು, ನಾಟಕಕಾರರು ಅದರ ಜೊತೆ ಗುದ್ದಾಡಿದ್ದಾರೆ. "ಮಗ ಯಾಕೆ ಹೀಗಾದ?" ಎಂದು ಕೇಳಿ ಅವರು ಸುಮ್ಮನಾಗುವುದಿಲ್ಲ. "ಹಿರಿಯರು ಅವನಿಂದ ಏನು ಕೇಳಿದರು?" ಎಂದೂ ಕೇಳುತ್ತಾರೆ. ಅವರಲ್ಲಿ ಒಬ್ಬರು ಇನ್ನೂ ಮುಂದೆ ಹೋಗಿ, "ಇವರಿಬ್ಬರ ನಡುವಿನ ಲೆಕ್ಕವನ್ನು ಕೊನೆಗೆ ತೀರಿಸಿದವರು ಯಾರು?" ಎಂದು ಕೇಳಿದರು. ಮಹಿಳಾ ವಿಭಾಗದ ಈ ಸಂಚಿಕೆಗೆ ಆ ಮೂರನೆಯ ಪ್ರಶ್ನೆಯ ಚರಿತ್ರೆಯನ್ನೇ ಬರೆಯಬೇಕು ಅನ್ನಿಸಿತು.

ರಣರಂಗಕ್ಕೆ ಬಂದ ಅಪ್ಪ ಅಮ್ಮ

ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಚಾಲುಕ್ಯರ ಆಸ್ಥಾನದಲ್ಲಿದ್ದಾಗ 'ಗದಾಯುದ್ಧ' ಬರೆದ. ಯಕ್ಷಗಾನ ನೋಡಿ ಬೆಳೆದವರಿಗೆ ಈ ಕಥೆ ಬಾಯಿಪಾಠ. ಆದರೆ ಭೀಮನ ಆರ್ಭಟದ ಗಲಾಟೆಯಲ್ಲಿ ಒಂದು ಭಾಗ ನಮ್ಮ ಗಮನಕ್ಕೆ ಬಾರದೆ ಹೋಗುತ್ತದೆ. ಯುದ್ಧ ಮುಗಿಯುತ್ತಾ ಬಂದಿದೆ. ನೂರು ಮಕ್ಕಳಲ್ಲಿ ಉಳಿದವನು ಒಬ್ಬನೇ, ದುರ್ಯೋಧನ. ಅವನನ್ನು ಕಾಣಲು ಧೃತರಾಷ್ಟ್ರ, ಗಾಂಧಾರಿ ರಣರಂಗಕ್ಕೇ ಬರುತ್ತಾರೆ. ಸಾಕಿನ್ನು, ಸಂಧಿ ಮಾಡಿಕೋ, ನೀನೊಬ್ಬನಾದರೂ ನಮಗೆ ಉಳಿ ಎಂದು ಬೇಡಿಕೊಳ್ಳುತ್ತಾರೆ. ಅವನು ಒಪ್ಪುವುದಿಲ್ಲ.

ಆ ತಂದೆತಾಯಿಗೆ ಮಗನ ತಪ್ಪು ಗೊತ್ತಿಲ್ಲವೆಂದಲ್ಲ. ಹೇಳಬೇಕಾದ ಕಾಲದಲ್ಲಿ ಗಟ್ಟಿಯಾಗಿ ಹೇಳಲಿಲ್ಲ. ಹೇಳಲು ಬಂದಾಗ ಮಗ ಕೇಳುವ ವಯಸ್ಸು ದಾಟಿದ್ದಾನೆ. ರನ್ನ ಇಷ್ಟಕ್ಕೇ ಬಿಡುವುದಿಲ್ಲ. ಮುಂದೆ ಅದೇ ದುರ್ಯೋಧನ ಹೆಣಗಳ ನಡುವೆ ನಡೆಯುತ್ತಾ ಹೋಗಿ ತನ್ನ ಮಗ ಲಕ್ಷಣಕುಮಾರನ ಶವದ ಮುಂದೆ ನಿಲ್ಲುತ್ತಾನೆ. ಸ್ವಲ್ಪ ಹೊತ್ತಿನ ಮುಂಚೆ ಅಪ್ಪ ಅಮ್ಮನ ಮಾತನ್ನು ತಳ್ಳಿಹಾಕಿದ ಹಟಮಾರಿ ಮಗ ಈಗ ಮಗನನ್ನು ಕಳೆದುಕೊಂಡ ತಂದೆ. ನಾವು ಯಾರ ಪಕ್ಷ ಹಿಡಿಯಬೇಕೆಂದೇ ತಿಳಿಯದ ಜಾಗಕ್ಕೆ ರನ್ನ ನಮ್ಮನ್ನು ತಂದು ನಿಲ್ಲಿಸುತ್ತಾನೆ. ದುರ್ಯೋಧನನನ್ನು 'ಕೆಟ್ಟ ಮಗ' ಎಂದು ಒಂದೇ ಮಾತಿನಲ್ಲಿ ಮುಗಿಸಲು ಈ ಕಾವ್ಯ ಓದಿದ ಮೇಲೆ ಸಾಧ್ಯವಾಗುವುದಿಲ್ಲ.

ಅಮ್ಮ ಸೂಚಿಸಿದ ಪರಿಹಾರ

ಹೊಯ್ಸಳರ ಕಾಲದ ಜನ್ನ 1209ರಲ್ಲಿ ಬರೆದ 'ಯಶೋಧರ ಚರಿತೆ'ಯಲ್ಲಿ ತಾಯಿ ಮಗನ ಇನ್ನೊಂದು ಬಗೆಯ ಕಥೆಯಿದೆ. ರಾಜ ಯಶೋಧರನಿಗೆ ತನ್ನ ರಾಣಿ ಅಮೃತಮತಿ ಕುರೂಪಿ ಮಾವುತನೊಬ್ಬನಿಗೆ ಮನಸೋತಿದ್ದಾಳೆ ಎಂದು ಗೊತ್ತಾಗುತ್ತದೆ. ಮನಸ್ಸು ಮುರಿದುಹೋಗಿದೆ, ಆದರೆ ತಾಯಿಯ ಮುಂದೆ ನಿಜ ಹೇಳಲಾರ. ಕೆಟ್ಟ ಕನಸು ಬಿತ್ತು ಎಂದಷ್ಟೇ ಹೇಳುತ್ತಾನೆ. ತಾಯಿ ಚಂದ್ರಮತಿಗೆ ಗಾಬರಿ. ದೇವಿಗೆ ಬಲಿ ಕೊಟ್ಟರೆ ದೋಷ ಹೋಗುತ್ತದೆ ಎನ್ನುತ್ತಾಳೆ. ಅಹಿಂಸೆಯನ್ನು ನಂಬಿದ ಮಗ ಒಪ್ಪುವುದಿಲ್ಲ. ಕೊನೆಗೆ ಇಬ್ಬರೂ ಒಂದು ರಾಜಿಗೆ ಬರುತ್ತಾರೆ: ಜೀವಂತ ಕೋಳಿ ಬೇಡ, ಹಿಟ್ಟಿನ ಹುಂಜ ಮಾಡಿ ಅದನ್ನು ಕಡಿಯೋಣ. ಕಡಿಯುವಾಗ ಹಿಟ್ಟಿನ ಹುಂಜ ಕೂಗಿಬಿಡುತ್ತದೆ.

ಹಿಂಸೆಯ ಸಂಕಲ್ಪವೇ ಹಿಂಸೆ ಎಂಬ ಜೈನ ತತ್ವವನ್ನು ಹೇಳುವ ಕಾವ್ಯ ಇದು. ಆದರೆ ಮನೆಯ ಕಥೆಯಾಗಿಯೂ ಇದನ್ನು ಓದಬಹುದು. ಮಗ ನಿಜವಾದ ನೋವನ್ನು ಮುಚ್ಚಿಟ್ಟು ಬೇರೇನೋ ಹೇಳಿದ. ತಾಯಿ ಕೇಳಿಸಿಕೊಂಡಿದ್ದಕ್ಕೆ ತನಗೆ ತಿಳಿದ ಪರಿಹಾರ ಮಾಡಿದಳು. ಇಬ್ಬರಿಗೂ ಪ್ರೀತಿಯಿತ್ತು, ಆದರೆ ರೋಗ ಒಂದು, ಮದ್ದು ಇನ್ನೊಂದು. ಜಾತಕ ತೋರಿಸುವುದು, ಹರಕೆ ಹೊರುವುದು, ಮನೆಯ ವಾಸ್ತು ಬದಲಿಸುವುದು ಎಂದು ನಮ್ಮ ಮನೆಗಳಲ್ಲೂ ಹಿಟ್ಟಿನ ಹುಂಜಗಳು ಸಾಕಷ್ಟಿವೆ. ನಂಬಿಕೆಯನ್ನು ಇಲ್ಲಿ ನಾನು ಪ್ರಶ್ನಿಸುತ್ತಿಲ್ಲ. ನಮ್ಮ ಕೆಲಸದಲ್ಲಿ 'ರೂಟ್ ಕಾಸ್' ಎನ್ನುತ್ತೇವಲ್ಲ, ಆ ಮೂಲ ಕಾರಣವನ್ನು ಕೇಳುವ ಮೊದಲೇ ಪರಿಹಾರಕ್ಕೆ ಓಡುವ ಅವಸರವನ್ನು ಹೇಳುತ್ತಿದ್ದೇನೆ.

ಫೇಲಾದ ಮಗ, ಪಾಸಾದ ಮಗ

ಇಪ್ಪತ್ತನೆಯ ಶತಮಾನಕ್ಕೆ ಬಂದರೆ ರಾಜರು ಹೋಗಿ ಮಧ್ಯಮ ವರ್ಗದ ಮನೆ ರಂಗದ ಮೇಲೆ ಬರುತ್ತದೆ. ಅದನ್ನು ತಂದವರಲ್ಲಿ ಮೊದಲಿಗರು ಟಿ.ಪಿ. ಕೈಲಾಸಂ. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಅವರು ಬರೆದ 'ಟೊಳ್ಳು ಗಟ್ಟಿ' ಹೊಸಗನ್ನಡ ಸಾಮಾಜಿಕ ನಾಟಕಕ್ಕೆ ತಿರುವು ಕೊಟ್ಟಿತು. ಮನೆಯಲ್ಲಿ ಇಬ್ಬರು ಗಂಡುಮಕ್ಕಳು. ಪುಟ್ಟು ಪರೀಕ್ಷೆಯ ಮೇಲೆ ಪರೀಕ್ಷೆ ಪಾಸಾಗುವವನು, ಅಪ್ಪನ ಕಣ್ಮಣಿ. ಮಾಧು ಓದಿನಲ್ಲಿ ಹಿಂದೆ, ಎಲ್ಲರ ಬೈಗುಳಕ್ಕೆ ಗುರಿ. ಮನೆಗೆ ಕಷ್ಟ ಬಂದಾಗ ಯಾರು ಟೊಳ್ಳು, ಯಾರು ಗಟ್ಟಿ ಎನ್ನುವುದು ತಿರುವುಮುರುವಾಗುತ್ತದೆ.

ಕೈಲಾಸಂ ಅವರ ಸ್ವಂತ ಬದುಕನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ನಾಟಕ ಬೇರೆಯಾಗಿ ಕಾಣುತ್ತದೆ. ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರು. ಮಗ ಲಂಡನ್ನಿಗೆ ಹೋಗಿ ಭೂವಿಜ್ಞಾನ ಓದಿ ಬಂದು ಸರ್ಕಾರಿ ಕೆಲಸಕ್ಕೆ ಸೇರಿದವರು. ಅಂಥ ನೌಕರಿಯನ್ನು ಬಿಟ್ಟು ನಾಟಕ ಎಂದು ಹೊರಟರು. ಸಂಸಾರ, ಹಣ, ಆರೋಗ್ಯ ಯಾವುದೂ ಹದದಲ್ಲಿರಲಿಲ್ಲ, 1946ರಲ್ಲಿ ತೀರಿಕೊಂಡರು. ಇಂದು ನಮಗೆ ಅವರು 'ಕರ್ನಾಟಕ ಪ್ರಹಸನ ಪಿತಾಮಹ'. ಅಂದಿನ ಬಂಧುಬಳಗದ ಕಣ್ಣಿಗೆ ಹೇಗೆ ಕಂಡಿದ್ದಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ಫೇಲಾದ ಮಗನ ಪರವಾಗಿ ಕನ್ನಡ ರಂಗಭೂಮಿಯಲ್ಲಿ ವಕಾಲತ್ತು ಹಾಕಿದವರು ಸ್ವತಃ ಅಂಥ ಮಗನೇ.

ಆದರೆ 'ಟೊಳ್ಳು ಗಟ್ಟಿ'ಯಲ್ಲೂ ಒಂದು ಸಮಾಧಾನ ಉಳಿಯುತ್ತದೆ. ಒಬ್ಬ ಮಗ ಟೊಳ್ಳಾದರೆ ಇನ್ನೊಬ್ಬ ಗಟ್ಟಿ ಇದ್ದಾನೆ, ಮನೆ ಹೇಗೋ ನಿಲ್ಲುತ್ತದೆ. ಆ ಸಮಾಧಾನವನ್ನೂ ಕಿತ್ತುಕೊಂಡ ನಾಟಕಕ್ಕೆ ಇನ್ನೂ ನಲವತ್ತು ವರ್ಷ ಕಾಯಬೇಕಾಯಿತು.

ಮಾಥೇರಾನಿನಲ್ಲಿ ಹುಟ್ಟಿದ ಹುಡುಗ

ನಮ್ಮ ಬದಲಾಪುರದಿಂದ ಕರ್ಜತ್ ಕಡೆಗೆ ಹೋದರೆ ವಾಂಗಣಿ, ಶೇಲು, ಆಮೇಲೆ ನೇರಳ್. ನೇರಳ್‌ನಲ್ಲಿ ಇಳಿದು 1907ರಲ್ಲಿ ಶುರುವಾದ ಪುಟ್ಟ ರೈಲು ಹತ್ತಿದರೆ ಮಾಥೇರಾನ್. ಮಳೆಗಾಲದಲ್ಲಿ ಮಕ್ಕಳನ್ನು ಕರೆದುಕೊಂಡು ನಾವೆಲ್ಲ ಹೋಗುವ ಜಾಗವೇ. ಅಲ್ಲಿ 1938ರ ಮೇ 19ರಂದು ಗಿರೀಶ ಕಾರ್ನಾಡ ಹುಟ್ಟಿದರು ಎನ್ನುವುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ.

ತಂದೆ ಡಾ. ರಘುನಾಥ ಕಾರ್ನಾಡ ಸರ್ಕಾರಿ ವೈದ್ಯರು. ತಾಯಿ ಕೃಷ್ಣಾಬಾಯಿ ಚಿಕ್ಕ ವಯಸ್ಸಿನಲ್ಲೇ ವಿಧವೆಯಾಗಿ, ಕೈಯಲ್ಲೊಂದು ಮಗುವಿಟ್ಟುಕೊಂಡು ನರ್ಸಿಂಗ್ ಕಲಿತವರು. ವಿಧವಾ ವಿವಾಹವನ್ನು ಊರು ಒಪ್ಪದ ಕಾಲದಲ್ಲಿ, ವರ್ಷಗಟ್ಟಲೆ ಕಾದು ಇಬ್ಬರೂ ಮದುವೆಯಾದರು. ಅಂದರೆ ತಮ್ಮ ಹಿರಿಯರ ಪಾಲಿಗೆ ಇವರೇ 'ಮಾತು ಕೇಳದ' ಮಕ್ಕಳು. ಕಾರ್ನಾಡರ ಆತ್ಮಕಥೆ 'ಆಡಾಡತ ಆಯುಷ್ಯ'ದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಈ ತಾಯಿಯ ಕಥೆ.

ಮಗ ಶಿರಸಿಯಲ್ಲಿ ಬೆಳೆದು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿ, 1958ರಲ್ಲಿ ಪದವಿ ಪಡೆದರು. ಆಮೇಲೆ ರೋಡ್ಸ್ ವಿದ್ಯಾರ್ಥಿವೇತನ ಸಿಕ್ಕಿ 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಡುವ ಹೊತ್ತು ಬಂತು. ಮನೆಯಲ್ಲಿ ಸಂತೋಷದ ಜೊತೆಗೇ ಆತಂಕ. ಹುಡುಗ ವಾಪಸು ಬರುತ್ತಾನೋ ಇಲ್ಲವೋ? ಅಲ್ಲೇ ಯಾರನ್ನಾದರೂ ಮದುವೆಯಾಗಿಬಿಟ್ಟರೆ? ಮೊಮ್ಮಕ್ಕಳಿರುವ ಅಮೆರಿಕಾಕ್ಕೆ ವೀಸಾ ಮಾಡಿಸಿದ ನಮ್ಮ ಕಾಕಿ, ಮಾಮಿಯರೆಲ್ಲ ಒಂದು ಕಾಲದಲ್ಲಿ ಪಟ್ಟ ಆತಂಕವೇ ಇದು. ಹೊರಡುವ ಮುಂಚಿನ ಆ ವಾರಗಳಲ್ಲಿ, ಇಂಗ್ಲಿಷ್ ಕವಿಯಾಗುವ ಕನಸು ಕಾಣುತ್ತಿದ್ದ 22 ವರ್ಷದ ಹುಡುಗ, ತಾನೇ ಅಚ್ಚರಿಪಡುವಂತೆ ಕನ್ನಡದಲ್ಲಿ ಒಂದು ನಾಟಕ ಬರೆದ. ವಿಷಯ ಮಹಾಭಾರತದ ಯಯಾತಿ. ತನ್ನ ಭವಿಷ್ಯವನ್ನು ತ್ಯಾಗ ಮಾಡೆಂದು ಹಿರಿಯರು ಕೇಳುತ್ತಿದ್ದಾರೆ ಎಂಬ ಒಳಗಿನ ಸಿಟ್ಟೇ ಆ ಕಥೆಯನ್ನು ತನ್ನಿಂದ ಆರಿಸಿಸಿತು ಎಂದು ಕಾರ್ನಾಡರು ಆಮೇಲೆ ಹೇಳಿಕೊಂಡಿದ್ದಾರೆ. ಧಾರವಾಡದ ಮನೋಹರ ಗ್ರಂಥಮಾಲೆ 1961ರಲ್ಲಿ 'ಯಯಾತಿ'ಯನ್ನು ಪ್ರಕಟಿಸಿತು.

ನಮ್ಮ ಮರಾಠಿ ಗೆಳತಿಯರಿಗೆ 'ಯಯಾತಿ' ಎಂದರೆ ತಕ್ಷಣ ನೆನಪಾಗುವುದು ವಿ.ಸ. ಖಾಂಡೇಕರರ ಕಾದಂಬರಿ. ಅದು ಬಂದದ್ದು 1959ರಲ್ಲಿ. ಮುಂದೆ 1974ರ ಜ್ಞಾನಪೀಠ ಮರಾಠಿಗೆ ಮೊದಲ ಸಲ ಸಂದದ್ದು ಖಾಂಡೇಕರರಿಗೆ. ಹೀಗೆ ಎರಡು ವರ್ಷದ ಅಂತರದಲ್ಲಿ ಮರಾಠಿಯಲ್ಲೂ ಕನ್ನಡದಲ್ಲೂ ಅದೇ ರಾಜ ಎದ್ದು ಬಂದ. ಖಾಂಡೇಕರರು ಯಯಾತಿಯಲ್ಲಿ ಭೋಗಕ್ಕೆ ಬಿದ್ದ ಮನುಷ್ಯನನ್ನು ಕಂಡರು. ಯಯಾತಿ, ದೇವಯಾನಿ, ಶರ್ಮಿಷ್ಠೆ ತಮ್ಮ ತಮ್ಮ ಬಾಯಿಂದ ಕಥೆ ಹೇಳುತ್ತಾರೆ. ಕಾರ್ನಾಡರ ಕಣ್ಣು ಹೋದದ್ದು ಮಗನ ಕಡೆಗೆ, ಮಗನಿಗಿಂತ ಹೆಚ್ಚಾಗಿ ಸೊಸೆಯ ಕಡೆಗೆ.

ಮೂಲದಲ್ಲಿ ಇಲ್ಲದ ಸೊಸೆ

ಮೂಲ ಕಥೆ ನಮಗೆಲ್ಲ ಗೊತ್ತು. ಶುಕ್ರಾಚಾರ್ಯರ ಶಾಪದಿಂದ ಯಯಾತಿಗೆ ಅಕಾಲ ಮುಪ್ಪು ಬರುತ್ತದೆ. ಯಾರಾದರೂ ಮುಪ್ಪನ್ನು ತೆಗೆದುಕೊಂಡು ಯೌವನ ಕೊಟ್ಟರೆ ಬಿಡುಗಡೆ. ಯದು, ತುರ್ವಸು, ದ್ರುಹ್ಯು, ಅನು ಒಲ್ಲೆವೆನ್ನುತ್ತಾರೆ, ಶಪಿಸಿಕೊಳ್ಳುತ್ತಾರೆ. ಕಿರಿಯವನಾದ ಪುರು ಒಪ್ಪುತ್ತಾನೆ. ಸಾವಿರ ವರ್ಷ ಸುಖಪಟ್ಟ ಮೇಲೆ ಅಪ್ಪ ಯೌವನವನ್ನು ಹಿಂದಿರುಗಿಸಿ ಪುರುವಿಗೇ ಪಟ್ಟ ಕಟ್ಟುತ್ತಾನೆ. ಅಜ್ಜಿಯರು ಈ ಕಥೆ ಹೇಳುವಾಗ ನೀತಿ ಸ್ಪಷ್ಟ: ಅಪ್ಪನಿಗಾಗಿ ಏನನ್ನೂ ಕೊಡುವವನೇ ಒಳ್ಳೆಯ ಮಗ.

ಕಾರ್ನಾಡರು ಇದಕ್ಕೆ ಸೇರಿಸಿದ ಪಾತ್ರ ಚಿತ್ರಲೇಖೆ. ಪುರುವಿನ ಹೊಸ ಹೆಂಡತಿ. ಮದುವೆಯಾಗಿ ಆಗಷ್ಟೇ ಈ ಮನೆಗೆ ಕಾಲಿಟ್ಟಿದ್ದಾಳೆ. ಈ ನಾಟಕದ ಪುರು ಆದರ್ಶ ಪುತ್ರನೂ ಅಲ್ಲ. ದೊಡ್ಡ ವಂಶದ ಭಾರ ಹೊರಲಾರದ, ತನ್ನ ಬಗ್ಗೆ ತನಗೇ ನಂಬಿಕೆಯಿಲ್ಲದ, ಎಲ್ಲಿಂದಲೋ ತಪ್ಪಿಸಿಕೊಳ್ಳಲು ನೋಡುತ್ತಿರುವ ಹುಡುಗ. ಇಂದಿನ ಮಾತಿನಲ್ಲಿ ಹೇಳುವುದಾದರೆ ಖಿನ್ನತೆಯ ಅಂಚಿನಲ್ಲಿರುವವನು. ಅಪ್ಪನ ಮುಪ್ಪನ್ನು ಹೊರುವುದರಲ್ಲಿ ಅವನಿಗೆ ತ್ಯಾಗದ ಜೊತೆಗೆ ಒಂದು ಬಗೆಯ ಬಿಡುಗಡೆಯೂ ಕಾಣುತ್ತದೆ. ಇನ್ನು ಯಾರೂ ನನ್ನಿಂದ ಏನನ್ನೂ ನಿರೀಕ್ಷಿಸುವುದಿಲ್ಲ ಎಂಬ ಬಿಡುಗಡೆ.

ಅಪ್ಪ ಮಗನ ಈ ಒಪ್ಪಂದದಲ್ಲಿ ಚಿತ್ರಲೇಖೆಯನ್ನು ಯಾರೂ ಕೇಳಿಲ್ಲ. ಮೊದಲು ಅವಳು ಗಂಡನ ದೊಡ್ಡತನಕ್ಕೆ ಹೆಮ್ಮೆಪಡಲು ನೋಡುತ್ತಾಳೆ. ಆದರೆ ದೀಪದ ಬೆಳಕಿನಲ್ಲಿ ಅವನ ಮುದಿಮುಖ ಕಂಡಾಗ ಕಿರುಚಿ ಹೊರಗೆ ಅಟ್ಟುತ್ತಾಳೆ. ಮಾವ ಯಯಾತಿ ಬಂದು ಸೊಸೆಯ ಕರ್ತವ್ಯದ ಪಾಠ ಹೇಳುತ್ತಾನೆ. ಆಗ ಅವಳು ಕೇಳುವ ಪ್ರಶ್ನೆ ಇಡೀ ನಾಟಕವನ್ನು ಅಲುಗಿಸುತ್ತದೆ. ನಾನು ಮದುವೆಯಾದದ್ದು ಪುರುವಿನ ಯೌವನವನ್ನು, ಅದು ಈಗ ನಿಮ್ಮ ಬಳಿಯಿದೆ, ಹಾಗಾದರೆ ನೀವೇ ನನ್ನನ್ನು ಸ್ವೀಕರಿಸಿ ಎಂಬ ಅರ್ಥದ ಮಾತು. ಯಯಾತಿ ಬೆಚ್ಚಿಬೀಳುತ್ತಾನೆ. ಧರ್ಮ, ಸಂಬಂಧ ಎಂದೆಲ್ಲ ಹೇಳತೊಡಗುತ್ತಾನೆ. ಮಗನ ಯೌವನ ತೆಗೆದುಕೊಳ್ಳುವಾಗ ನೆನಪಾಗದ ಧರ್ಮ ಈಗ ನೆನಪಾಗುತ್ತದೆ. ಚಿತ್ರಲೇಖೆ ವಿಷ ಕುಡಿದು ಸಾಯುತ್ತಾಳೆ. ಆಮೇಲೆ ಯಯಾತಿ ಮುಪ್ಪನ್ನು ಹಿಂದಕ್ಕೆ ಪಡೆದು ಕಾಡಿಗೆ ಹೊರಡುತ್ತಾನೆ. ಯೌವನ ವಾಪಸು ಬಂದ ಪುರು ಖಾಲಿ ಕೈಯಲ್ಲಿ ನಿಲ್ಲುತ್ತಾನೆ.

ಸಾವಿರ ವರ್ಷದ ಕಥೆಯನ್ನು ಕಾರ್ನಾಡರು ಒಂದೇ ರಾತ್ರಿಗೆ ಇಳಿಸಿದ್ದು ಏಕೆ ಎಂದು ನಾನು ಯೋಚಿಸಿದ್ದೇನೆ. ಸಾವಿರ ವರ್ಷ ಕಾಯಬಲ್ಲವಳು ಪುರಾಣದ ಹೆಂಡತಿ ಮಾತ್ರ. ನಿಜವಾದ ಹುಡುಗಿಗೆ ಒಂದು ರಾತ್ರಿಯೂ ಹೆಚ್ಚೇ.

"ಮದುವೆ ಮಾಡಿಬಿಡಿ, ಸರಿಹೋಗ್ತಾನೆ" ಎನ್ನುವಾಗ ನಾವು ಹುಡುಕುವುದು ಒಬ್ಬ ಚಿತ್ರಲೇಖೆಯನ್ನು. ಕುಡಿತ ಬಿಡಿಸಲು, ಮೌನ ಮುರಿಯಲು, ಮಂಕು ಕಳೆಯಲು, ಏನೂ ತಿಳಿಯದ ಹುಡುಗಿಯೊಬ್ಬಳನ್ನು ಮನೆ ತುಂಬಿಸಿಕೊಳ್ಳುತ್ತೇವೆ. ತಾಯಿಗೆ ಮೂವತ್ತು ವರ್ಷದಲ್ಲಿ ಆಗದ್ದನ್ನು ಸೊಸೆ ಮೂರು ತಿಂಗಳಲ್ಲಿ ಮಾಡಿ ತೋರಿಸಬೇಕು. ಆಗದಿದ್ದರೆ "ಇವಳ ಕಾಲ್ಗುಣ" ಎಂಬ ಮಾತು ಸಿದ್ಧವಿರುತ್ತದೆ. ಕನ್ಯೆಯ ಮನೆಯವರಿಗೆ ವಿಷಯ ಹೇಳಬೇಕಲ್ಲವೇ ಎಂದರೆ, ಹೇಳಿದರೆ ಯಾರು ಹೆಣ್ಣು ಕೊಡ್ತಾರೆ ಎಂಬ ಉತ್ತರ.

ಐವತ್ತು ವರ್ಷ ಬಿಡದ ವಿಷಯ

ಕಾರ್ನಾಡರು ಈ ವಿಷಯವನ್ನು ಅಲ್ಲಿಗೇ ಬಿಡಲಿಲ್ಲ. 1980ರಲ್ಲಿ ಜನ್ನನ ಕಥೆಯನ್ನೇ ತೆಗೆದುಕೊಂಡು 'ಹಿಟ್ಟಿನ ಹುಂಜ' ಬರೆದರು. ಅಲ್ಲಿ ರಾಜ ತಾಯಿಯ ಮಾತಿಗೂ ಹೆಂಡತಿಯ ನಂಬಿಕೆಗೂ ನಡುವೆ ಸಿಕ್ಕಿಬಿದ್ದ ಗಂಡು. 1990ರ ದಶಕದ 'ಅಗ್ನಿ ಮತ್ತು ಮಳೆ'ಯಲ್ಲಿ ರೈಭ್ಯನಿಗೆ ತನ್ನ ಮಗ ಪರಾವಸು ಮಹಾಯಜ್ಞದ ಮುಖ್ಯ ಪುರೋಹಿತನಾದದ್ದೇ ಉರಿ. ಮಗನ ಏಳಿಗೆಯನ್ನು ಸಹಿಸದ ತಂದೆಯ ಚಿತ್ರ ನಮ್ಮ ಸಾಹಿತ್ಯದಲ್ಲಿ ಅಪರೂಪ. ಪರಾವಸು ತಂದೆಯನ್ನು ಕೊಂದು ಅಪವಾದವನ್ನು ತಮ್ಮ ಅರವಸುವಿನ ತಲೆಗೆ ಕಟ್ಟುತ್ತಾನೆ. ಇಲ್ಲೂ ಅತಿ ಹೆಚ್ಚು ಸುಟ್ಟುಹೋಗುವವರು ಆ ಮನೆಯ ಸೊಸೆ ವಿಶಾಖಾ ಮತ್ತು ಅರವಸುವನ್ನು ಪ್ರೀತಿಸಿದ ನಿತ್ತಿಲೆ.

2008ರಲ್ಲಿ ಲಿಲ್ಲೆಟ್ ದುಬೆ ನಿರ್ದೇಶನದಲ್ಲಿ ಇಂಗ್ಲಿಷಿನಲ್ಲಿ ರಂಗಕ್ಕೆ ಬಂದ, ಕನ್ನಡದಲ್ಲಿ 'ಮದುವೆ ಆಲ್ಬಮ್' ಆದ ನಾಟಕದಲ್ಲಿ ಪುರಾಣವೂ ಇಲ್ಲ, ರಾಜರೂ ಇಲ್ಲ. ಧಾರವಾಡದ ಒಂದು ಸಾರಸ್ವತ ಮನೆ, ಬೆಳೆದ ಮಕ್ಕಳು. ಒಬ್ಬ ಮಗಳು ಆಸ್ಟ್ರೇಲಿಯಾದಲ್ಲಿ, ಇನ್ನೊಬ್ಬಳು ಸರಿಯಾಗಿ ಭೇಟಿಯೇ ಆಗದ ಅಮೆರಿಕಾದ ವರನನ್ನು ಒಪ್ಪಿಕೊಂಡವಳು, ಮಗನಿಗೆ ಪ್ರೀತಿ ಒಂದು ಕಡೆ, ಮದುವೆ ಇನ್ನೊಂದು ಕಡೆ. ಎಲ್ಲರೂ ನಗುತ್ತಾ ಫೋಟೋಕ್ಕೆ ನಿಲ್ಲುತ್ತಾರೆ. ನನ್ನನ್ನು ಕಾಡಿದ್ದು ಅಡುಗೆಯ ರಾಧಾಬಾಯಿ. ಬೀದಿಪಾಲಾಗಿ ಬುದ್ಧಿ ಕಳೆದುಕೊಂಡ ಮಗಳನ್ನು, ಇರುವ ಕೆಲಸವೂ ಹೋದೀತೆಂಬ ಭಯದಿಂದ ಒಳಗೆ ಕರೆಯಲಾರದೆ ಹೋದ ತಾಯಿ. ಮದುವೆಮನೆಯ ಗದ್ದಲದಲ್ಲಿ ಅವಳ ಕಥೆ ಯಾರ ಆಲ್ಬಮ್ಮಿಗೂ ಸೇರುವುದಿಲ್ಲ.

ಮಂಡ್ಯದ ಹಳ್ಳಿಯಿಂದ ಲೊಕಾರ್ನೊಗೆ

ಇತ್ತೀಚಿನ ದಿನಗಳಲ್ಲಿ ಇದೇ ವಿಷಯವನ್ನು ಹೊಸ ಕಣ್ಣಿನಿಂದ ನೋಡಿದ್ದು ಒಂದು ಸ್ವತಂತ್ರ ಚಿತ್ರ: ರಾಮ್ ರೆಡ್ಡಿ ನಿರ್ದೇಶಿಸಿ, ಈರೇಗೌಡರ ಜೊತೆ ಸೇರಿ ಬರೆದ 'ತಿಥಿ'. ದೊಡ್ಡ ನಟರಿಲ್ಲ, ಸ್ಟುಡಿಯೋ ಇಲ್ಲ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಹಳ್ಳಿಯ ಸುತ್ತಮುತ್ತ, ಅಲ್ಲಿನ ಜನರನ್ನೇ ನಟರನ್ನಾಗಿ ಮಾಡಿ ತೆಗೆದ ಚಿತ್ರ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರ ವಿಭಾಗದ 'ಚಿನ್ನದ ಚಿರತೆ' ಗೆದ್ದಿತು. ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು.

101 ವರ್ಷದ ಸೆಂಚುರಿಗೌಡ ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿಗೆ ತಯಾರಿ. ಅವನ ಮಗ ಗಡ್ಡಪ್ಪನಿಗೆ ತಿಥಿಯೂ ಬೇಡ, ಆಸ್ತಿಯೂ ಬೇಡ. ಕುಡಿಯುತ್ತಾ, ಹೊಲದಲ್ಲಿ ಅಲೆಯುತ್ತಾ ಇರುವವನು. ಗಡ್ಡಪ್ಪನ ಮಗ ತಮ್ಮಣ್ಣನಿಗೆ ಜಮೀನಿನ ಆಸೆ. ಅಪ್ಪ ಸತ್ತಿದ್ದಾನೆಂದು ಸುಳ್ಳು ಕಾಗದ ಮಾಡಿಸಲು ಓಡಾಡುತ್ತಾನೆ. ತಮ್ಮಣ್ಣನ ಮಗ ಅಭಿ ಜೂಜು, ಕುರಿಗಾಹಿ ಹುಡುಗಿಯ ಹಿಂದೆ ಸುತ್ತಾಟ. ನೋಡುತ್ತಾ ನಕ್ಕು ಸಾಕಾಗುತ್ತದೆ. ನಗುವಿನ ನಡುವೆಯೇ ಗಡ್ಡಪ್ಪ ಒಂದು ರಾತ್ರಿ ಕುರಿಗಾಹಿಗಳಿಗೆ ತನ್ನ ಕಥೆ ಹೇಳುತ್ತಾನೆ. ತನ್ನ ಹೆಂಡತಿಯ ವಿಷಯದಲ್ಲಿ ಸ್ವಂತ ಅಪ್ಪನಿಂದಲೇ ಆದ ದ್ರೋಹದ ಕಥೆ. ಜವಾಬ್ದಾರಿಯಿಲ್ಲದ ಮುದುಕ ಎಂದು ಅಷ್ಟು ಹೊತ್ತು ನಕ್ಕ ನಮಗೆ ಆಗ ತಿಳಿಯುತ್ತದೆ, ಈ ಅಲೆದಾಟಕ್ಕೆ ಒಂದು ಗಾಯ ಕಾರಣ ಎಂದು.

ಯಯಾತಿಯ ನೆರಳು ಮಂಡ್ಯದ ಕಬ್ಬಿನ ಗದ್ದೆಯಲ್ಲಿ ಹೀಗೆ ಬಿದ್ದದ್ದನ್ನು ಕಂಡು ನಾನು ಬೆರಗಾದೆ. ಅಪ್ಪನ ಆಸೆ, ಮಗನ ಕುಸಿತ, ಮಧ್ಯೆ ಇಲ್ಲವಾಗುವ ಹೆಣ್ಣು. ಗಡ್ಡಪ್ಪನಾದರೂ ಬೆಂಕಿಯ ಮುಂದೆ ಕೂತು ತನ್ನ ಕಥೆ ಹೇಳಿಕೊಂಡ. ಅವನ ಹೆಂಡತಿಯ ಕಥೆಯನ್ನು ಅವಳ ಬಾಯಿಂದ ಕೇಳುವ ಭಾಗ್ಯ ಚಿತ್ರದಲ್ಲೂ ಯಾರಿಗೂ ಇಲ್ಲ.

ಠಾಣೆಗೆ ಕಳಿಸಬೇಕು ಎಂಬ ತಮಾಷೆ

ಸಂಕಟಪಡುವ ಮಗಳ ಕಥೆ ಎಲ್ಲಿ ಎಂದು ನೀವು ಕೇಳಬಹುದು. ಅದನ್ನು ಬರೆದವರು ತ್ರಿವೇಣಿ. 1928ರಲ್ಲಿ ಹುಟ್ಟಿ 1963ರಲ್ಲಿ, 35 ತುಂಬುವ ಮುಂಚೆಯೇ ತೀರಿಕೊಂಡ ಈ ಲೇಖಕಿ ಮನಶ್ಶಾಸ್ತ್ರ ಓದಿದವರು. ಅವರ 'ಶರಪಂಜರ'ದ ಕಾವೇರಿಗೆ ಬಾಣಂತನದ ನಂತರ ಮನಸ್ಸಿನ ಕಾಯಿಲೆ ಬರುತ್ತದೆ. ಆಸ್ಪತ್ರೆಯಲ್ಲಿ ಗುಣವಾಗುತ್ತದೆ. ಆದರೆ ಮನೆಗೆ ಬಂದ ಮೇಲೆ ಗುಣವಾದವಳಂತೆ ಅವಳನ್ನು ಯಾರೂ ನೋಡುವುದಿಲ್ಲ. ಕಾಯಿಲೆ ಅಲ್ಲ, ನೋಟವೇ ಅವಳನ್ನು ಮತ್ತೆ ಕೆಡವುತ್ತದೆ. ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಕಲ್ಪನಾ ಮಾಡಿದ ಆ ಪಾತ್ರವನ್ನು ನಮ್ಮ ಅಮ್ಮಂದಿರ ಪೀಳಿಗೆ ಮರೆತಿಲ್ಲ.

ಆ ನೋಟ ಇಂದಿಗೂ ನಮ್ಮ ಮಾತಿನಲ್ಲಿದೆ. ಯಾರಾದರೂ ವಿಚಿತ್ರವಾಗಿ ಆಡಿದರೆ ಇಲ್ಲಿ "ಠಾಣೆಗೆ ಕಳಿಸಬೇಕು" ಎಂದು ನಗುತ್ತೇವೆ; ಉತ್ತರ ಕರ್ನಾಟಕದವರು ಅದೇ ತಮಾಷೆಗೆ ಧಾರವಾಡ ಎನ್ನುತ್ತಾರೆ. ಠಾಣೆಯ ಮಾನಸಿಕ ಆಸ್ಪತ್ರೆ 1901ರಿಂದ ಅಲ್ಲಿದೆ. ನೂರಾರು ಮೈಲಿ ದೂರದಿಂದ ಜನ ಅಲ್ಲಿಗೆ ಬರುತ್ತಾರೆ, ಹತ್ತು ಸ್ಟೇಷನ್ ದೂರದಲ್ಲಿರುವ ನಾವು ಹೋಗಲು ಹೆದರುವುದು ಆ ತಮಾಷೆಯ ಕಾರಣಕ್ಕೇ. ಬೆಂಗಳೂರಿನ ನಿಮ್ಹಾನ್ಸ್ 1970ರ ದಶಕದಲ್ಲೇ ರೋಗಿಯನ್ನಷ್ಟೇ ಅಲ್ಲ, ಇಡೀ ಕುಟುಂಬವನ್ನು ಕೂರಿಸಿ ಮಾತಾಡಿಸುವ ವಿಭಾಗ ತೆರೆಯಿತು. ನಮ್ಮ ನಾಟಕಕಾರರು ರಂಗದ ಮೇಲೆ ಕಂಡದ್ದನ್ನೇ ವೈದ್ಯರೂ ಕಂಡರು: ಕುಸಿದವನು ಒಬ್ಬನಾದರೂ ಸಂಕಟ ಮನೆಯದು. 2022ರಿಂದ ಸರ್ಕಾರದ ಟೆಲಿ ಮಾನಸ್ ಸೇವೆಯೂ ಇದೆ. 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ, ಕನ್ನಡ, ಮರಾಠಿ ಸೇರಿದಂತೆ ನಮ್ಮ ಭಾಷೆಗಳಲ್ಲೇ, ಉಚಿತವಾಗಿ ಮಾತಾಡಬಹುದು. ಮಗನೇ ಮಾಡಬೇಕೆಂದಿಲ್ಲ, ತಾಯಿಯೂ ಮಾಡಬಹುದು.

ಚಿತ್ರಲೇಖೆಯ ಕಡೆಗೂ ಕಾನೂನು ನಿಧಾನವಾಗಿ ಬಂದಿದೆ. 1955ರ ಹಿಂದೂ ವಿವಾಹ ಕಾಯ್ದೆಯ 12ನೆಯ ಕಲಮಿಗೆ 1976ರಲ್ಲಿ ತಿದ್ದುಪಡಿಯಾಯಿತು. ವರನ ಅಥವಾ ವಧುವಿನ ಬಗ್ಗೆ ಮುಖ್ಯವಾದ ಸಂಗತಿಯಲ್ಲಿ ವಂಚಿಸಿ ಒಪ್ಪಿಗೆ ಪಡೆದಿದ್ದರೆ, ವಂಚನೆ ತಿಳಿದ ಒಂದು ವರ್ಷದೊಳಗೆ ಆ ಮದುವೆಯನ್ನು ರದ್ದು ಮಾಡಲು ಕೇಳಬಹುದು. ಕೋರ್ಟಿಗೆ ಹೋಗುವ ಕಾಲ ಯಾವ ಹುಡುಗಿಗೂ ಬಾರದಿರಲಿ. ಮುಚ್ಚಿಟ್ಟು ಮಾಡುವ ಮದುವೆ ಕೇವಲ ಜಾಣತನವಲ್ಲ, ಕಾನೂನಿನ ಕಣ್ಣಿನಲ್ಲಿ ವಂಚನೆಯೂ ಆಗಬಹುದು ಎನ್ನುವುದು ಮಾತ್ರ ನಮಗೆ ಗೊತ್ತಿರಲಿ.

ಕೊಟ್ಟ ಯೌವನದ ಲೆಕ್ಕ

ಮುಂಬಯಿ ಕನ್ನಡಿಗರ ಮನೆಗಳಲ್ಲಿ ಯಯಾತಿಯ ಕಥೆ ಸ್ವಲ್ಪ ತಲೆಕೆಳಗಾಗಿ ನಡೆದಿದೆ ಎಂದು ನನಗೆ ಅನ್ನಿಸುತ್ತದೆ. ಇಲ್ಲಿ ಯೌವನ ಕೊಟ್ಟವರು ಹಿರಿಯರು. ಹದಿನಾಲ್ಕು ಹದಿನೈದರ ವಯಸ್ಸಿಗೆ ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲೋ ಕ್ಯಾಂಟೀನಿನಲ್ಲೋ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಒಂದು ಕೋಣೆಯಲ್ಲಿ ಹತ್ತು ಜನ ಮಲಗಿ, ಡೊಂಬಿವಲಿಯಲ್ಲೋ ಕಲ್ಯಾಣದಲ್ಲೋ ಬದಲಾಪುರದಲ್ಲೋ ಒಂದು ಮನೆ ಮಾಡಿದವರ ಪೀಳಿಗೆ ಅದು. ಅವರ ಜೊತೆ ನಿಂತ ಹೆಂಗಸರು ಮನೆಯಲ್ಲೇ ಹಪ್ಪಳ ಸಂಡಿಗೆ ಮಾಡಿ, ಹೊಲಿಗೆ ಹಾಕಿ ಫೀಸು ಕಟ್ಟಿದವರು. ಅವರ ಮುಂದೆ ನಮ್ಮ ಪೀಳಿಗೆಯ ದುಃಖ ಸಣ್ಣದಾಗಿ ಕಾಣುವುದು ಸಹಜ. "ನಿನ್ನ ವಯಸ್ಸಿನಲ್ಲಿ ನಾನು..." ಎಂದು ಶುರುವಾಗುವ ಮಾತಿಗೆ ನಮ್ಮ ಬಳಿ ಉತ್ತರವಿಲ್ಲ.

ಆದರೆ ಕೊಟ್ಟ ಯೌವನಕ್ಕೆ ಲೆಕ್ಕ ಕೇಳತೊಡಗಿದಾಗ ಪ್ರೀತಿ ಸಾಲವಾಗುತ್ತದೆ. ಸಾಲ ತೀರಿಸಲಾಗದ ಮಗ ಪುರುವಿನಂತೆ ಮುದುಡಿ ಕೂರುತ್ತಾನೆ, ಇಲ್ಲವೇ ಯಶೋಧರನಂತೆ ನಿಜ ಬಿಟ್ಟು ಬೇರೇನೋ ಹೇಳುತ್ತಾನೆ. ಮಗನ ಎಲ್ಲ ತಪ್ಪಿಗೂ ತಂದೆತಾಯಿ ಹೊಣೆ ಎಂದು ಇದರ ಅರ್ಥವಲ್ಲ. ಮೂವತ್ತು ವರ್ಷದವನ ಬದುಕು ಅವನದೇ ಹೊಣೆ. ಕುಡಿದು ಕೈಯೆತ್ತುವ ಮಗನಿಗೆ ಬಾಗಿಲು ಹಾಕುವ ಹಕ್ಕು ತಾಯಿಗೆ ಇದ್ದೇ ಇದೆ. ಗಾಂಧಾರಿ ಇನ್ನೂ ಮುಂಚೆ ಗಟ್ಟಿಯಾಗಿ ನಿಲ್ಲಬೇಕಿತ್ತು ಎಂದೇ ನಾವು ಓದುವಾಗ ಅಂದುಕೊಳ್ಳುವುದಲ್ಲವೇ?

ಇಷ್ಟು ಓದಿದ ಮೇಲೆ ನನಗೆ ಉಳಿದದ್ದು ಮೂರು ಮಾತು. ಪರಿಹಾರ ಹೇಳುವ ಮೊದಲು ಮಗ ಅಥವಾ ಮಗಳು ಹೇಳುತ್ತಿರುವುದು ನಿಜವಾದ ನೋವೋ, ಬರೀ ಕೆಟ್ಟ ಕನಸೋ ಎಂದು ಕೇಳಬೇಕು. ಪರೀಕ್ಷೆ, ಪ್ಯಾಕೇಜು, ಪ್ರಮೋಷನ್ ನೋಡಿ ಟೊಳ್ಳು ಗಟ್ಟಿ ತೀರ್ಮಾನಿಸಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಮನೆಯ ಗಂಟನ್ನು ಬಿಡಿಸಲು ಇನ್ನೊಬ್ಬರ ಮನೆಯ ಮಗಳನ್ನು ತರಬಾರದು. ಮದುವೆಗೆ ಮೊದಲು ಚಿಕಿತ್ಸೆ, ಚಿಕಿತ್ಸೆಯ ನಂತರ ಎರಡೂ ಕಡೆ ಮುಚ್ಚುಮರೆಯಿಲ್ಲದ ಮಾತು, ಆಮೇಲೆ ಇಬ್ಬರೂ ತಿಳಿದು ಒಪ್ಪಿದರೆ ಮಾತ್ರ ಮದುವೆ.

ನಮ್ಮ ಮಹಿಳಾ ವಿಭಾಗ ಹಬ್ಬಕ್ಕೆ ಅಡುಗೆ ಸ್ಪರ್ಧೆ, ರಂಗೋಲಿ ಸ್ಪರ್ಧೆಗಳನ್ನು ಚೆನ್ನಾಗಿ ನಡೆಸಿಕೊಂಡು ಬಂದಿದೆ. ಮುಂದಿನ ವರ್ಷ 'ಯಯಾತಿ'ಯ ಕೊನೆಯ ಅಂಕವನ್ನು ನಾವೇ ಓದಿ ಅಭಿನಯಿಸೋಣವೇ? ಚಿತ್ರಲೇಖೆಯ ಪಾತ್ರವನ್ನು ಮದುವೆಗೆ ಬಂದ ಹುಡುಗಿಯೊಬ್ಬಳು ಮಾಡಲಿ, ಯಯಾತಿಯ ಮಾತುಗಳನ್ನು ಅತ್ತೆಯೊಬ್ಬರು ಓದಲಿ. ಓದು ಮುಗಿದ ಮೇಲೆ ಚಹಾ ಕುಡಿಯುತ್ತಾ ಮಾತಾಡೋಣ. ಆಗಲಾದರೂ ಯಾರಾದರೂ ಒಬ್ಬ ತಾಯಿ "ಆಫೀಸ್ ಕೆಲಸ ಜಾಸ್ತಿ" ಎನ್ನದೆ, "ನನ್ನ ಮಗನಿಗೆ ಹುಷಾರಿಲ್ಲ" ಎಂದು ನಮ್ಮ ಮುಂದೆ ಹೇಳಿಕೊಳ್ಳುವಂತಾದರೆ, ಆ ನಾಟಕ ಸಾರ್ಥಕ.